ಬೆಳಿಗ್ಗೆ ಎಂಟೂವರೆಯ ಮಳೆ ಲೆಕ್ಕ, ನಾಲ್ಕು ಲಿನಕ್ಸ್

ನಮ್ಮ ಮಾವ ದಿನಾ ಬೆಳಿಗ್ಗೆ 8.30ಕ್ಕೆ ಅಂಗಳಕ್ಕಿಳಿದು ಮಳೆಮಾಪಕ ನೋಡುತ್ತಾರೆ. ಹವಾಮಾನ ಇಲಾಖೆ ಒಂದು ದಿನದ ಮಳೆ ಅಂತ ಹಿಡಿಯುವುದು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ಮಾವನ ಲೆಕ್ಕವೂ ಅದೇ. ಮೊದಲೆಲ್ಲ ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ನಾನು ಬೆಂಗಳೂರಿನ ಕೆಲಸ ಬಿಟ್ಟು ತೀರ್ಥಹಳ್ಳಿ ಹತ್ತಿರದ ಈ ಮನೆಗೆ ಬಂದಮೇಲೆ ನನ್ನ ಲ್ಯಾಪ್‌ಟಾಪ್ ಜಗಲಿಯ ಮೇಜು ಸೇರಿತು, ಮಳೆ ಲೆಕ್ಕವೂ ಅದರೊಳಗೆ ಹೋಯಿತು. ತಾರೀಖು, ಯಾವ ಮಳೆ, ಎಷ್ಟು ಮಿಲಿಮೀಟರ್, ಕೊನೆಯ ಅಂಕಣದಲ್ಲಿ ಒಂದು ಮಾತು: 'ಗಾಳಿ ಜೋರು', 'ಹಳ್ಳ ದಾಟಲಾಗಲಿಲ್ಲ', 'ನಿನ್ನೆ ಹೊಡೆದ ಔಷಧಿ ತೊಳೆದು ಹೋಯಿತು'. ಔಷಧಿ ಅಂದರೆ ಅಡಿಕೆಗೆ ಕೊಳೆ ಬಾರದಂತೆ ಹೊಡೆಯುವ ಬೋರ್ಡೋ. ಎರಡನೇ ಸಲ ಯಾವಾಗ ಹೊಡೆಸಬೇಕು ಅಂತ ಮಾವ ತೀರ್ಮಾನಿಸುವುದು ಈ ಹಾಳೆ ನೋಡಿಕೊಂಡೇ.

ಹಾಗಾಗಿ ನಾನು ಈ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಒಂದೊಂದೇ ಬಗೆ ಹಾಕಿ ಬದಲಾಯಿಸಿದಾಗಲೆಲ್ಲ ಮೊದಲು ನೋಡಿದ್ದು ಒಂದೇ. ನಾಳೆ ಬೆಳಿಗ್ಗೆ ಮಾವ ಕನ್ನಡಕ ಹಾಕಿಕೊಂಡು ಕೂತಾಗ, ನನ್ನನ್ನು ಅಡುಗೆಮನೆಯಿಂದ ಕರೆಯದೆ, ಆ ಸಾಲು ತುಂಬಲು ಅವರಿಗೆ ಆಗುತ್ತದಾ?

ಲ್ಯಾಪ್‌ಟಾಪ್ 2014ರದ್ದು. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಭದ್ರತಾ ಅಪ್‌ಡೇಟ್ ನಿಲ್ಲುತ್ತದೆ ಎಂದು ಮೊದಲೇ ಗೊತ್ತಿತ್ತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಕೀಲಿ ಒಂದೂ ಸವೆಯದ, ಪರದೆ ಚೊಕ್ಕವಾಗಿರುವ ಯಂತ್ರವನ್ನು ಅಟ್ಟಕ್ಕೆ ಹಾಕಲು ನನಗೆ ಮನಸ್ಸಾಗಲಿಲ್ಲ. 2024ರ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ಲಿನಕ್ಸ್ ಹಾಕುವ ಕೆಲಸ ಶುರುಮಾಡಿದೆ.

ಮನೆಯಲ್ಲಿ ಇಂಟರ್‌ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ 1.5 ಜಿಬಿ. ಸಿಗ್ನಲ್ ಸಿಗುವುದು ಮಾಳಿಗೆಯ ಪೂರ್ವದ ಕಿಟಕಿಯಲ್ಲಿ ಮಾತ್ರ, ಫೋನನ್ನು ಅಲ್ಲಿ ಚೀಲದಲ್ಲಿ ನೇತುಹಾಕಿ ಕೆಳಗೆ ಬಂದು ಕೂರಬೇಕು. ಉಬುಂಟು ಎಂಬ ಲಿನಕ್ಸಿನ ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡಲು ಬೇಕಾದ ಫೈಲು, 5 ಜಿಬಿ ಮೀರುತ್ತದೆ, ಅದನ್ನು ಇದರಲ್ಲಿ ಇಳಿಸುವ ಮಾತೇ ಇಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ನಾದಿನಿಯ ಮನೆಯಿದೆ, ಅಲ್ಲಿ ಫೈಬರ್ ಇದೆ. ಒಂದು ಭಾನುವಾರ ಹೋಗಿ ಉಬುಂಟು, ಫೆಡೋರಾ, ಡೆಬಿಯನ್ ಮೂರು ಲಿನಕ್ಸನ್ನೂ ಇಳಿಸಿಕೊಂಡೆ. 32 ಜಿಬಿ ಪೆನ್‌ಡ್ರೈವ್‌ಗೆ ವೆಂಟಾಯ್ ಎಂಬ ತಂತ್ರಾಂಶ ಹಾಕಿದರೆ ಆಯಿತು, ಆಮೇಲೆ ಐಎಸ್‌ಒ ಫೈಲುಗಳನ್ನು ಸುಮ್ಮನೆ ಕಾಪಿ ಮಾಡಿದರೆ ಸಾಕು, ಬೂಟ್ ಆಗುವಾಗ ಪಟ್ಟಿ ತೋರಿಸಿ ಯಾವುದು ಬೇಕು ಅಂತ ಕೇಳುತ್ತದೆ. ಇಳಿಸಿದ ಪ್ರತಿ ಫೈಲಿನ ಚೆಕ್‌ಸಮ್ ತಾಳೆ ನೋಡಿಯೇ ಹೊರಟೆ. 60 ಕಿಲೋಮೀಟರ್ ಬಸ್ಸಿನಲ್ಲಿ ವಾಪಸ್ ಬಂದಮೇಲೆ ಫೈಲು ಅರ್ಧ ಇಳಿದಿತ್ತು ಅಂತ ತಿಳಿದರೆ ಮತ್ತೊಂದು ಭಾನುವಾರ ಹೋಗುತ್ತದೆ.

ಹಾಕಿದ್ದು ಮೊದಲು ಉಬುಂಟು 24.04. ಇದು ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿ, ಐದು ವರ್ಷ ಅಪ್‌ಡೇಟ್ ಬರುತ್ತದೆ, ಪದೇ ಪದೇ ಕಿತ್ತು ಹಾಕುವ ಗೋಜಿಲ್ಲ ಎನ್ನುವುದು ನನ್ನ ಲೆಕ್ಕ. ವೈಫೈ, ಸದ್ದು, ಪ್ರಿಂಟರ್ ಎಲ್ಲ ಕೇಳದೆಯೇ ನಡೆದವು. ಆದರೆ ಮಾವನ ಹಾಳೆ ತೆರೆದಾಗ ತಾರೀಖು ಮತ್ತು ಅಂಕಿ ಬಿಟ್ಟು ಉಳಿದದ್ದೆಲ್ಲ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ನಡುನಡುವೆ ಪೌಂಡಿನ ಗುರುತು. ಕಾರಣ ಗೊತ್ತಿತ್ತು. ಹಳೆಯ ಹಾಳೆಯನ್ನು ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರವೇ, ಫಾಂಟು ಅದಕ್ಕೆ ಕನ್ನಡದ ರೂಪ ಕೊಡುತ್ತದೆ ಅಷ್ಟೆ. ಫಾಂಟು ಇಲ್ಲದ ಯಂತ್ರದಲ್ಲಿ ರೂಪ ಕಳಚಿಬಿತ್ತು. ಆಸ್ಕಿಯಿಂದ, ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯುನಿಕೋಡ್‌ಗೆ ಬದಲಾಯಿಸುವ ಮುಕ್ತ ತಂತ್ರಾಂಶ ಸಿಗುತ್ತದೆ, ಅದಕ್ಕೆ ಒಂದೊಂದೇ ಅಂಕಣ ಕೊಟ್ಟು ಬದಲಾಯಿಸಿದೆ. ಎರಡು ಸಂಜೆ ಹಿಡಿಯಿತು. ಒತ್ತಕ್ಷರಗಳಲ್ಲಿ ಕೆಲವು ತಪ್ಪಿದ್ದವು, ಮಾವನೇ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ತಿದ್ದಿದರು. ಯಾವ ಲಿನಕ್ಸ್ ಅನ್ನುವುದಕ್ಕಿಂತ ಮೊದಲು ಮಾಡಬೇಕಿದ್ದ ಕೆಲಸ ಇದೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ನಿಮ್ಮ ಮನೆಯಲ್ಲಿ ಹಳೆಯ ಕನ್ನಡ ಫೈಲುಗಳಿದ್ದರೆ, ಏನನ್ನು ಅಳಿಸುವುದಕ್ಕೂ ಮುಂಚೆ ಅವನ್ನು ಯುನಿಕೋಡ್ ಮಾಡಿಟ್ಟುಕೊಳ್ಳಿ.

ಎರಡನೆಯದು ಕೀಬೋರ್ಡ್. ಮಾವ ಕಲಿತದ್ದು ನುಡಿ ತಂತ್ರಾಂಶದಲ್ಲಿ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ. ಕೆ ಒತ್ತಿದರೆ ಕ, ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಎಕ್ಸ್ ಒತ್ತಿದರೆ ಷ, ಅಕ್ಷರ ಕೂಡಿಸಲು ಎಫ್. 'ಪುಷ್ಯ' ಬರೆಯಲು ಪಿ, ಯು, ಎಕ್ಸ್, ಎಫ್, ವೈ. ಮಾವನ ಬೆರಳಿಗೆ ಇದು ಎಷ್ಟು ಕೂತಿದೆಯೆಂದರೆ ಅವರು ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರ ಓದುವುದೇ ಇಲ್ಲ.

ನಾನು ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಹುಡುಕಿ, 'ಕಗಪ' (ಕನ್ನಡ ಗಣಕ ಪರಿಷತ್ತು) ಎಂದಿದ್ದದ್ದನ್ನು ಆರಿಸಿ, ಕೆಲಸ ಮುಗಿಯಿತು ಅಂತ ಎದ್ದೆ. ಮರುದಿನ ಬೆಳಿಗ್ಗೆ ಜಗಲಿಯಿಂದ ಕೂಗು.

"ಎಂಥ ಆಯ್ತು ಮಗಾ ಇದ್ಕೆ? ಅಕ್ಷರ ಎಲ್ಲ ನಮ್ಮದೇ, ಕೂಡಿಸಿದ್ರೆ ಮಾತ್ರ ಬೇರೆ ಎಂಥದೋ ಆಗ್ತದೆ."

ಪಕ್ಕದಲ್ಲಿ ಕೂತು ನೋಡಿದೆ. ವ್ಯಂಜನಗಳು ಸರಿಯಾಗಿ ಬರುತ್ತಿದ್ದವು, ಎಡವುತ್ತಿದ್ದದ್ದು ಸ್ವರಗಳಲ್ಲಿ. ನುಡಿಯಲ್ಲಿ ಐ ಕೀಲಿ ಒತ್ತಿದರೆ ಪದದ ಮೊದಲಲ್ಲಿ 'ಇ' ಬರುತ್ತದೆ, ವ್ಯಂಜನದ ಮೇಲೆ ಗುಡಿಸಾಗುತ್ತದೆ. ಹಿಂದೆ ಏನಿದೆ ಎಂದು ನೋಡಿಕೊಂಡು ಅದೇ ತೀರ್ಮಾನಿಸುತ್ತದೆ. ಇಲ್ಲಿ ಹಾಗಾಗುತ್ತಿರಲಿಲ್ಲ.

ಇದರ ಗುಟ್ಟು ತಿಳಿಯಲು ನನಗೆ ಒಂದು ಇಡೀ ದಿನ ಬೇಕಾಯಿತು. ಕಗಪ ಎಂಬ ಹೆಸರಿನವು ಲಿನಕ್ಸ್‌ನಲ್ಲಿ ಎರಡಿವೆ. ಒಂದು ಬರೀ ಕೀಬೋರ್ಡ್ ಲೇಔಟ್. ಅದು ಒಂದು ಕೀಲಿಗೆ ಒಂದು ಅಕ್ಷರ ಕೊಟ್ಟು ಸುಮ್ಮನಾಗುತ್ತದೆ, ಹಿಂದಿನ ಅಕ್ಷರ ಯಾವುದೆಂದು ನೋಡುವುದು ಅದರ ಕೆಲಸವಲ್ಲ. ಇನ್ನೊಂದು ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ ನಡೆಯುವ ಎಂ17ಎನ್ ಎಂಬುದರ ಒಳಗಿನ ಕಗಪ. ಇದು ಹಿಂದಿನ ಅಕ್ಷರ ನೋಡಿ ಸ್ವರವೋ ಗುಣಿತವೋ ಎಂದು ನಿರ್ಧರಿಸುತ್ತದೆ. ನುಡಿ ರೂಢಿಯಾದವರಿಗೆ ಬೇಕಾದದ್ದು ಎರಡನೆಯದು. ಉಬುಂಟುವಿನಲ್ಲಿ ಐಬಸ್-ಎಂ17ಎನ್ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಂಡು, ಲಾಗ್ ಔಟ್ ಆಗಿ ಮತ್ತೆ ಬಂದರೆ ಪಟ್ಟಿಯಲ್ಲಿ ಕಾಣಿಸುತ್ತದೆ. ಹಾಕಿದೆ. ಮಾವ 'ಮೃಗಶಿರ' ಅಂತ ಹೊಡೆದರು, ಬಂತು. 'ಆಶ್ಲೇಷ' ಹೊಡೆದರು, ಬಂತು. 'ಸ್ತ್ರೀ' ಅಂತ ಒಂದು ಹೊಡೆದು ನೋಡಿದರು, ಕ್ಲಿಷ್ಟದ್ದು ಬರುತ್ತದಾ ಅಂತ. ಇಂಗ್ಲಿಷಿಗೂ ಕನ್ನಡಕ್ಕೂ ಬದಲಾಯಿಸಲು ಸೂಪರ್ ಕೀಲಿ (ವಿಂಡೋಸ್ ಗುರುತಿನದು) ಮತ್ತು ಸ್ಪೇಸ್ ಒಟ್ಟಿಗೆ ಒತ್ತಬೇಕು. ಸೂಪರ್ ಕೀಲಿಗೆ ಅತ್ತೆಯ ಪೊಟ್ಟಣದಿಂದ ಒಂದು ಕೆಂಪು ಸ್ಟಿಕರ್ ಬೊಟ್ಟು ತಂದು ಅಂಟಿಸಿದೆ. ಅದು ಇವತ್ತಿಗೂ ಅಲ್ಲೇ ಇದೆ.

ಉಬುಂಟು ಬಿಟ್ಟದ್ದು ನಮ್ಮ ಯಂತ್ರದ ದೆಸೆಯಿಂದ. 4 ಜಿಬಿ ರ‍್ಯಾಮಿನಲ್ಲಿ ಅದರ ಪರದೆಯನ್ನು ನಡೆಸುವ ಗ್ನೋಮ್ ಡೆಸ್ಕ್‌ಟಾಪೇ ಒಂದು ಪಾಲು ಹಿಡಿಯುತ್ತದೆ. ಫೈರ್‌ಫಾಕ್ಸ್ ಅಲ್ಲಿ ಸ್ನ್ಯಾಪ್ ಎಂಬ ಪೊಟ್ಟಣದ ರೂಪದಲ್ಲಿ ಬರುವುದರಿಂದ ಒತ್ತಿಟ್ಟ ಕಡತದಿಂದ ಬಿಚ್ಚಿಕೊಂಡು ಏಳಬೇಕು. ಹಾರ್ಡ್ ಡಿಸ್ಕ್ ಹಳೆಯದಾದ್ದರಿಂದ ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಜೊತೆಗೆ ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ತಾನಾಗಿಯೇ ಅಪ್‌ಡೇಟ್ ಹುಡುಕುತ್ತದೆ. ಅದನ್ನು ತಡೆಹಿಡಿಯುವ ಆಜ್ಞೆಯಿದೆ, ಹಾಟ್‌ಸ್ಪಾಟನ್ನು ಮೀಟರ್ಡ್ (ಡೇಟಾ ಮಿತಿಯಿರುವುದು) ಎಂದು ಗುರುತು ಮಾಡಬಹುದು. ನನಗೆ ಇದು ತಿಳಿದದ್ದು ಮಗಳ ಆನ್‌ಲೈನ್ ಪಾಠಕ್ಕೆ ಡೇಟಾ ಸಾಲದೆ ಹೋದ ದಿನ.

ಜುಲೈನಲ್ಲಿ ಫೆಡೋರಾ 40 ಹಾಕಿದೆ. ಎಂ17ಎನ್ ಅದರಲ್ಲಿ ಮೊದಲೇ ಇತ್ತು, ಮಾವನ ಕೀಬೋರ್ಡ್ ಐದು ನಿಮಿಷದಲ್ಲಿ ಸಿದ್ಧ. ಎಲ್ಲವೂ ಹೊಸದು, ವ್ಯವಸ್ಥೆಯ ತಿರುಳಾದ ಕರ್ನಲ್ ಹೊಸದು, ಕನ್ನಡ ಅಕ್ಷರ ಚೊಕ್ಕ. ಹೊಸದನ್ನು ಬಯಸುವವರಿಗೆ ಹೇಳಿ ಮಾಡಿಸಿದ್ದು. ಸುಮಾರು ಆರು ತಿಂಗಳಿಗೊಂದು ಆವೃತ್ತಿ, ಒಂದೊಂದಕ್ಕೂ 13 ತಿಂಗಳ ಆಯುಷ್ಯ. ವಾರವಾರವೂ ಅಪ್‌ಡೇಟ್ ಬರುತ್ತದೆ, ಬಂದದ್ದನ್ನು ಯಂತ್ರ ರೀಸ್ಟಾರ್ಟ್ ಆಗುವಾಗ ಹಾಕಿಕೊಳ್ಳುತ್ತದೆ.

ಪುನರ್ವಸು ಮಳೆ ನಡೆಯುತ್ತಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಎರಡು ದಿನ ಜೋಪಾನವಾಗಿ ಇಳಿಸಿಟ್ಟ ಅಪ್‌ಡೇಟ್ ಹಾಕಲು ಬಿಟ್ಟೆ. ಪರದೆಯ ಮೇಲೆ ಶೇಕಡಾ ಲೆಕ್ಕ ಏರುತ್ತಿತ್ತು. ಶೇ 60 ದಾಟುವಾಗ ಹೊರಗೆ ಎಲ್ಲೋ ಮರ ಮುರಿದ ಸದ್ದು ಕೇಳಿಸಿತು, ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ವರ್ಷದ್ದು, ಐದು ನಿಮಿಷವೂ ತಡೆಯಲಿಲ್ಲ. ಶೇ 71ಕ್ಕೆ ಪರದೆ ಕಪ್ಪಾಯಿತು. ಕತ್ತಲಲ್ಲಿ ಅದರ ಮುಂದೆ ಕೂತವಳ ಎದೆ ಹೊಡೆದುಕೊಳ್ಳುತ್ತಿದ್ದದ್ದು ನನಗೇ ಕೇಳುವಂತಿತ್ತು. ಎರಡೂವರೆ ತಿಂಗಳ ಮಳೆ ಅದರೊಳಗಿತ್ತು.

ಕರೆಂಟ್ ಬಂದದ್ದು ಮರುದಿನ ಮಧ್ಯಾಹ್ನ. ಆನ್ ಮಾಡಿದರೆ ಹೊಸ ಕರ್ನಲ್ ಅರ್ಧಕ್ಕೇ ನಿಂತಿತು. ಫೆಡೋರಾ ಹಳೆಯ ಕರ್ನಲ್‌ಗಳನ್ನು ತೆಗೆದುಹಾಕದೆ ಒಟ್ಟು ಮೂರನ್ನು ಉಳಿಸಿಕೊಂಡಿರುತ್ತದೆ. ಬೂಟ್ ಪಟ್ಟಿ ತರಿಸಿ ಎರಡನೆಯದನ್ನು ಆರಿಸಿದೆ, ಡೆಸ್ಕ್‌ಟಾಪ್ ಬಂತು, ಹಾಳೆ ಹಾಗೇ ಇತ್ತು. ಅರ್ಧ ಬಿದ್ದ ಪ್ಯಾಕೇಜುಗಳನ್ನು ಸರಿಮಾಡಲು ಮತ್ತೆ ಎರಡು ದಿನದ ಡೇಟಾ ಹೋಯಿತು. ಮಾವ ಆ ದಿನದ ಸಾಲನ್ನು ಹಳೆಯ ನೋಟ್‌ಬುಕ್ಕಿನಲ್ಲೇ ಬರೆದಿಟ್ಟಿದ್ದರು. ಕರೆಂಟ್ ಬಂದಮೇಲೆ ಟೈಪ್ ಮಾಡಿದರು. ಕೊನೆಯ ಅಂಕಣದಲ್ಲಿ 'ಹಲಸಿನ ಮರ ಲೈನಿನ ಮೇಲೆ' ಅಂತ ಇದೆ.

ಇದರಲ್ಲಿ ಫೆಡೋರಾದ ತಪ್ಪೇನೂ ಇಲ್ಲ. ಆದರೆ ಮೃಗಶಿರದಿಂದ ಮಘೆಯವರೆಗೆ ಕರೆಂಟ್ ಯಾವಾಗ ಇರುತ್ತದೆ ಎಂದು ಹೇಳಲಾಗದ ಮನೆಗೆ, ಹೆಚ್ಚು ಇಳಿಸುವ, ಹೆಚ್ಚು ಸಲ ಬದಲಾಗುವ ವ್ಯವಸ್ಥೆ ಹೊಂದುವುದಿಲ್ಲ. ಅವತ್ತಿನಿಂದ ನಾನು ಡಿಸ್ಟ್ರೋಗಳನ್ನು, ಅಂದರೆ ಲಿನಕ್ಸಿನ ಬಗೆಗಳನ್ನು, ನೋಡುವ ಬಗೆಯೇ ಬದಲಾಯಿತು. ಏನೇನು ಕೊಡುತ್ತದೆ ಎನ್ನುವುದಕ್ಕಿಂತ ನಮ್ಮಿಂದ ಎಷ್ಟು ಕೇಳುತ್ತದೆ ಅಂತ ನೋಡತೊಡಗಿದೆ. ಸದಾ ಹೊಸ ಅಪ್‌ಡೇಟ್ ಹರಿಯುತ್ತಲೇ ಇರುವ ಆರ್ಚ್ ಬಗೆಯವನ್ನು ಅದೇ ಕಾರಣಕ್ಕೆ ಮುಟ್ಟಲಿಲ್ಲ.

ಸೆಪ್ಟೆಂಬರಿನಲ್ಲಿ ಲಿನಕ್ಸ್ ಮಿಂಟ್ 22 ಬಂತು ನಮ್ಮ ಮನೆಗೆ, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪಿನ ಆವೃತ್ತಿ. ಉಬುಂಟು 24.04ರ ಬುನಾದಿಯ ಮೇಲೇ ಕಟ್ಟಿದ್ದು, ಸ್ನ್ಯಾಪ್ ಇರುವುದಿಲ್ಲ, 2029ರವರೆಗೆ ಅಪ್‌ಡೇಟ್ ಇದೆ. ಮೆನು ಕೆಳಗೆ ಎಡಮೂಲೆಯಲ್ಲಿ. ಮಾವ ನೋಡಿದವರೇ "ಇದು ನಮ್ದು" ಅಂದರು. ಎಂಟು ತಿಂಗಳು ಒಂದೇ ಒಂದು ದೂರು ಬರಲಿಲ್ಲ. ಟೈಮ್‌ಶಿಫ್ಟ್ ಎಂಬುದು ಅದರಲ್ಲೇ ಬರುತ್ತದೆ. ಅಪ್‌ಡೇಟ್‌ಗೆ ಮೊದಲು ವ್ಯವಸ್ಥೆಯ ಒಂದು ನಕಲು ತೆಗೆದಿಟ್ಟುಕೊಂಡು, ಕೆಟ್ಟರೆ ಹಿಂದಕ್ಕೆ ಹೋಗಬಹುದು. ನಾದಿನಿಯ ಮನೆಯ ಡೆಸ್ಕ್‌ಟಾಪಿಗೂ ಮಿಂಟ್ ಹಾಕಿಕೊಟ್ಟೆ. ಯಾರಾದರೂ ಮೊದಲ ಸಲ ಲಿನಕ್ಸ್ ಹಾಕುತ್ತೇನೆ ಎಂದರೆ ನಾನು ಹೇಳುವ ಹೆಸರು ಇದೇ.

ಡೇಟಾದ ತೊಂದರೆಗೆ ದಾರಿ ಸಿಕ್ಕಿದ್ದೂ ಮಿಂಟ್ ಕಾಲದಲ್ಲಿ. ಅದರ ಹೆಸರು ಆಪ್ಟ್-ಆಫ್‌ಲೈನ್. ಡೆಬಿಯನ್ ಕುಟುಂಬದ ಎಲ್ಲದರಲ್ಲೂ ನಡೆಯುತ್ತದೆ. ಮನೆಯ ಯಂತ್ರದಲ್ಲಿ ಒಂದು ಆಜ್ಞೆ ಕೊಟ್ಟರೆ, ನನಗೆ ಏನೇನು ಬೇಕು ಎಂಬ ಪಟ್ಟಿಯನ್ನು ಒಂದು ಪುಟ್ಟ ಫೈಲಿನಲ್ಲಿ ಬರೆದುಕೊಡುತ್ತದೆ. ನಮ್ಮವರು ಅಡಿಕೆ ಮಂಡಿಯ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗುವಾಗ ಆ ಪೆನ್‌ಡ್ರೈವ್ ಅಂಗಿಯ ಜೇಬಿನಲ್ಲಿ ಹೋಗುತ್ತದೆ. ನಾದಿನಿಯ ಮಗ ಅದನ್ನು ಅಲ್ಲಿನ ಯಂತ್ರಕ್ಕೆ ಚುಚ್ಚಿ, ಎರಡನೇ ಆಜ್ಞೆ ಕೊಟ್ಟು, ಪಟ್ಟಿಯಲ್ಲಿದ್ದದ್ದನ್ನೆಲ್ಲ ಫೈಬರಿನಲ್ಲಿ ಇಳಿಸಿ ತುಂಬಿಕೊಡುತ್ತಾನೆ. ಸಂಜೆ ಪೆನ್‌ಡ್ರೈವ್ ವಾಪಸ್ ಬಂದಮೇಲೆ ಮೂರನೇ ಆಜ್ಞೆ, ಎಲ್ಲ ಒಳಗೆ ಸೇರುತ್ತದೆ. ಹಾಟ್‌ಸ್ಪಾಟಿನ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಹಳ್ಳಿಯಲ್ಲಿ ಲಿನಕ್ಸ್ ಬಳಸುವ ಎಲ್ಲರಿಗೂ ಇದು ಗೊತ್ತಿರಬೇಕು ಅಂತ ನನ್ನ ಆಸೆ.

ಮಿಂಟ್ ಬಿಡಲು ಅಸಮಾಧಾನ ಕಾರಣವಾಗಲಿಲ್ಲ. 2025ರ ಮೇನಲ್ಲಿ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ಪರೀಕ್ಷೆ ಮಾಡಿದರೆ ಕೆಟ್ಟ ಸೆಕ್ಟರುಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿತ್ತು. ಫೈಲುಗಳನ್ನು ಹೊರಗೆ ತೆಗೆದು, ಶಿವಮೊಗ್ಗದಿಂದ 256 ಜಿಬಿಯ ಎಸ್‌ಎಸ್‌ಡಿ, ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್, ಹೊಸ ಬ್ಯಾಟರಿ ತರಿಸಿದೆ. ಹಿಂಬದಿಯ ತಿರುಪು ಬಿಚ್ಚಿ ನಾನೇ ಕೂರಿಸಿದೆ. ಎಸ್‌ಎಸ್‌ಡಿ ಖಾಲಿ, ಹೇಗೂ ಮೊದಲಿಂದ ಹಾಕಬೇಕು. ಒಂದು ವರ್ಷದಿಂದ ಪೆನ್‌ಡ್ರೈವ್‌ನಲ್ಲಿ ಮುಟ್ಟದೆ ಉಳಿದಿದ್ದ ಡೆಬಿಯನ್ 12 ಕಣ್ಣಿಗೆ ಬಿತ್ತು.

ನಾನು ಇಳಿಸಿಟ್ಟಿದ್ದು ಅದರ ಡಿವಿಡಿ ಐಎಸ್‌ಒ, 4 ಜಿಬಿಗೆ ಹತ್ತಿರ. ಡೆಸ್ಕ್‌ಟಾಪ್, ಆಫೀಸ್ ಎಲ್ಲ ಅದರೊಳಗೇ ಇರುತ್ತದೆ, ನೆಟ್‌ವರ್ಕ್ ಇಲ್ಲದೆಯೇ ಪೂರ್ತಿ ಇನ್‌ಸ್ಟಾಲ್ ಆಗುತ್ತದೆ. ಆಮೇಲೆ ಬೇಕಾದಾಗ ಅದನ್ನೇ ಭಂಡಾರವಾಗಿ ತೋರಿಸಿ ಅದರಲ್ಲಿರುವ ಪ್ಯಾಕೇಜನ್ನು ಹಾಕಿಕೊಳ್ಳಲೂಬಹುದು. ಇನ್‌ಸ್ಟಾಲರಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿತ್ತು. ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದು ಪುಟವನ್ನೂ ಗಟ್ಟಿಯಾಗಿ ಓದಿದರು. ಮೊದಲೆಲ್ಲ ಡೆಬಿಯನ್ ಅಂದರೆ ವೈಫೈ ಫರ್ಮ್‌ವೇರ್ ಬೇರೆ ಹುಡುಕಬೇಕು ಅಂತ ಇತ್ತು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಅದು ಇನ್‌ಸ್ಟಾಲರಿನಲ್ಲೇ ಸೇರಿದೆ, ನಮ್ಮದು ಮೊದಲ ಬೂಟ್‌ನಲ್ಲೇ ಹಿಡಿಯಿತು. ಗಮನಿಸಬೇಕಾದದ್ದು ಒಂದಿದೆ. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಕೊಟ್ಟರೆ ನಿಮ್ಮ ಖಾತೆಗೆ ಸುಡೋ, ಅಂದರೆ ಆಡಳಿತದ ಆಜ್ಞೆ ಕೊಡುವ, ಅಧಿಕಾರ ಸಿಗುವುದಿಲ್ಲ. ಅದನ್ನು ಖಾಲಿ ಬಿಟ್ಟರೆ ಸಿಗುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಐಬಸ್ ತಾನಾಗಿ ಏಳದಿದ್ದರೆ ಐಎಂ-ಕಾನ್ಫಿಗ್‌ನಲ್ಲಿ ಐಬಸ್ ಆರಿಸಿ ಮತ್ತೆ ಲಾಗಿನ್ ಆಗಬೇಕು. ಫಾಂಟಿಗೆ ಗುಬ್ಬಿ ಮತ್ತು ನವಿಲು ಎರಡೂ ಡೆಬಿಯನ್ ಭಂಡಾರದಲ್ಲಿವೆ. ಮಾವ ಗುಬ್ಬಿ ಆರಿಸಿದರು.

ಹಾಗೆ 2025ರ ಮಳೆಗಾಲ ಪೂರ್ತಿ ಡೆಬಿಯನ್‌ನಲ್ಲಿ ಕಳೆಯಿತು. ಅದರ ಸ್ಥಿರ ಆವೃತ್ತಿಯಲ್ಲಿ ತಂತ್ರಾಂಶಗಳ ಆವೃತ್ತಿ ಬದಲಾಗುವುದು ಕಡಿಮೆ, ಹೆಚ್ಚಾಗಿ ಬರುವುದು ಭದ್ರತೆಯ ತಿದ್ದುಪಡಿ. ಎರಡು ತಿಂಗಳಿಗೊಮ್ಮೆ ಅಂತ ಎಲ್ಲ ಸೇರಿಸಿ ಒಂದು ಕಂತು ಬರುತ್ತದೆ, ನಮ್ಮವರ ಜೇಬಿನ ಪೆನ್‌ಡ್ರೈವ್‌ಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಅಪ್‌ಡೇಟನ್ನು ಇಳಿಸುವುದು ಬೇರೆ, ಹಾಕುವುದು ಬೇರೆ ಮಾಡಿಕೊಂಡೆ. ಇಳಿಸಿಟ್ಟದ್ದನ್ನು ಹಾಕುವುದು ಹಗಲಲ್ಲಿ, ಬ್ಯಾಟರಿ ತುಂಬಿದಮೇಲೆ, ಆಕಾಶ ನೋಡಿಕೊಂಡು. ಯಂತ್ರ ಆನ್ ಆಗಿ ನಿಂತಾಗ ಹಿಡಿಯುವ ರ‍್ಯಾಮ್ 1 ಜಿಬಿ ಮುಟ್ಟುವುದಿಲ್ಲ. ಹೊಸ ತಂತ್ರಾಂಶ ಬೇಕು ಅನ್ನುವವರಿಗೆ ಡೆಬಿಯನ್ ಹಳೆಯದಾಗಿ ಕಾಣಬಹುದು, ಮಗಳಿಗೆ ಹಾಗೇ ಕಂಡಿದೆ. ಅವಳಿಗೆ ಮಿಂಟ್ ಇಷ್ಟ.

ಡೆಬಿಯನ್ 13 ಬಿಡುಗಡೆಯಾದದ್ದು 2025ರ ಆಗಸ್ಟ್ 9ಕ್ಕೆ, ಸರಿಯಾಗಿ ಆಶ್ಲೇಷಾ ಮಳೆಯ ನಡುವೆ. ಆಗ ಮುಟ್ಟಲಿಲ್ಲ. 12ಕ್ಕೆ ಇನ್ನೂ ಭದ್ರತಾ ಅಪ್‌ಡೇಟ್ ಬರುತ್ತಿತ್ತು, ಅವಸರ ಇರಲಿಲ್ಲ. ದೀಪಾವಳಿ ಮುಗಿಸಿ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಶಿವಮೊಗ್ಗಕ್ಕೆ ಹೋದೆ. ಮಳೆ ಹಾಳೆಯನ್ನು ಎರಡು ಕಡೆ ನಕಲು ಮಾಡಿಟ್ಟು, ಪ್ಯಾಕೇಜ್ ಮೂಲಗಳ ಪಟ್ಟಿಯಲ್ಲಿ 12ರ ಹೆಸರಾದ 'ಬುಕ್‌ವರ್ಮ್' ಇದ್ದಲ್ಲಿ 13ರ ಹೆಸರಾದ 'ಟ್ರಿಕ್ಸಿ' ಎಂದು ಬದಲಾಯಿಸಿ, ಮೊದಲು ಸಣ್ಣ ಅಪ್‌ಗ್ರೇಡ್, ಆಮೇಲೆ ಪೂರ್ತಿ. ನಾದಿನಿ ಕಾಫಿ ಕೊಟ್ಟು, ಊಟಕ್ಕೆ ಎಲೆ ಹಾಕುವುದರೊಳಗೆ ಮುಗಿಯಿತು. ರೀಬೂಟ್ ಮಾಡಿ ಮೊದಲು ತೆರೆದದ್ದು ಆ ಹಾಳೆ. ಖಾಲಿ ಸಾಲಿನಲ್ಲಿ ಪಿ, ಯು, ಎಕ್ಸ್, ಎಫ್, ವೈ ಒತ್ತಿದೆ. ಪುಷ್ಯ. ಅಳಿಸಿ, ಮುಚ್ಚಿ, ಚೀಲಕ್ಕಿಟ್ಟೆ.

ಮರುದಿನ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ. ಮಾವ ಅಂಗಳದಿಂದ ಬಂದು ಕಾಲೊರೆಸಿಕೊಂಡು ಜಗಲಿಯಲ್ಲಿ ಕೂತ ಸದ್ದು, ಕೀಲಿಗಳ ಸದ್ದು ಕೇಳಿಸಿತು. ಕರೆಯಲಿಲ್ಲ. ತಟ್ಟೆ ಕೊಡಲು ಹೋದಾಗ ಪರದೆ ನೋಡಿದೆ. ತಾರೀಖಿನ ಪಕ್ಕ 'ಸ್ವಾತಿ', ಅದರ ಪಕ್ಕ 6, ಕೊನೆಯಲ್ಲಿ 'ಸಂಜೆ ಗುಡುಗು. ಕೊಯ್ಲು ನಾಳೆಗೆ' ಅಂತ ಇತ್ತು.